ಕೆಳಬೀದಿಯನ್ನು ಏರಿ ಹತ್ತಿಸಿದ ವಿಲ್ಮಿನ್

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ವಿಲ್ಮಿನ್, ಗ್ರಾಡ್ ಮಾವನ ಅಡುಗೆಮನೆಯಲ್ಲಿ ನಿಂತು ಅವನ ಎಡಗಿವಿಯ ಸುತ್ತ ಕತ್ತರಿ ಆಡಿಸುತ್ತಿದ್ದಳು. ಎಂಬತ್ತನಾಲ್ಕರ ಆ ತಲೆಯಲ್ಲಿ ಕತ್ತರಿಸುವಷ್ಟು ಕೂದಲು ಉಳಿದದ್ದು ಕಿವಿಗಳ ಆಸುಪಾಸಿನಲ್ಲಿ ಮಾತ್ರ. ಉಳಿದ ಕಡೆ ಅವಳು ಬಾಚಣಿಗೆ ಎಳೆಯುತ್ತಿದ್ದುದು ಬರೀ ಮರ್ಯಾದೆಗೆ.

"ಈ ಸಲ ಅಭ್ಯಾಸಕ್ಕೆ ಬರ್ತೀಯಲ್ಲ ಮಾವ?" ಎಂದಳು.

"ಯಾವ ಅಭ್ಯಾಸ?"

"ಯಾವುದು ಅಂತ ನಿಂಗೆ ಚೆನ್ನಾಗಿ ಗೊತ್ತು."

"ನೋಡು ಹುಡುಗಿ, ನನ್ನ ಕಿವಿ ನಿನ್ನ ಕತ್ತರಿ ಬಾಯಲ್ಲಿದೆ. ಇಂಥ ಹೊತ್ತಲ್ಲಿ ಕೇಳೋ ಮಾತಾ ಇದು?"

ಹುಡುಗಿಗೆ ಐವತ್ತಾರು ವರ್ಷ. ಅವಳು ನಕ್ಕು ಬಲಗಿವಿಯ ಕಡೆಗೆ ಸರಿದಳು. ಕಿಟಕಿಯಾಚೆ ಹಿತ್ತಲಿನ ಮರದ ಗೂಡಿನಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಅದರಾಚೆ ಏರಿ. ಏರಿಯ ಆಚೆ ವಾಲ್ ನದಿ. ಓಸ್ಟರ್‌ವಾರ್ಡ್ ಎಂಬ ಆ ಊರಿನ ಕೆಳಬೀದಿಯಲ್ಲಿ, ನದಿ ತುಂಬಿದಾಗ, ಮರಳಿನ ಹಡಗುಗಳು ಹೆಂಚಿನ ಎತ್ತರದಲ್ಲಿ ಹಾದುಹೋಗುತ್ತವೆ. ಯಾರೂ ತಲೆಯೆತ್ತಿ ನೋಡುವುದಿಲ್ಲ.

ಗ್ರಾಡ್ ಅವಳಿಗೆ ಸ್ವಂತ ಮಾವನೇನಲ್ಲ, ಊರಿಗೆಲ್ಲ ಮಾವ. ಆದರೆ ಕೆಳಬೀದಿಯ ಇಪ್ಪತ್ತಮೂರು ಮನೆಗಳ ಮಟ್ಟಿಗೆ ಅವನ ಮಾತು ಪಾದ್ರಿಯ ಮಾತಿಗಿಂತ ಒಂದು ತೂಕ ಹೆಚ್ಚು. ವಿಲ್ಮಿನಳ ಕಷ್ಟವಿದ್ದುದೇ ಅಲ್ಲಿ. ನಿಜವಾಗಿ ನೀರು ಬರುವ ದಿನ ಗ್ರಾಡ್ ಮನೆ ಬಿಡದಿದ್ದರೆ ಕೆಳಬೀದಿ ಬಿಡುವುದಿಲ್ಲ. ಆ ಬೀದಿಯಲ್ಲಿ, ಗ್ರಾಡ್‌ನ ಗೋಡೆಗೆ ಗೋಡೆ ಹತ್ತಿಕೊಂಡ ಮನೆಯಲ್ಲಿ, ಅವಳ ತಾಯಿ ರೀಟ್ ಇದ್ದಳು.

"ಗ್ರಾಡ್ ಹೊರಟ್ರೆ ನಾನೂ ಹೊರಡ್ತೀನಿ," ಎನ್ನುತ್ತಿದ್ದಳು ರೀಟ್. "ಅವನು ಇರ್ತೀನಿ ಅಂದ್ರೆ ನಾನೂ ಇರ್ತೀನಿ. ತೊಂಬತ್ತೈದರಲ್ಲಿ ಗೆದ್ದಿದ್ದು ಯಾರು?"

"ಯಾರೂ ಗೆಲ್ಲಲಿಲ್ಲ ಅಮ್ಮ. ಏರಿ ನಿಂತಿತು, ಅಷ್ಟೆ."

"ಅದನ್ನೇ ನಾನೂ ಹೇಳ್ತಿರೋದು."

ತೊಂಬತ್ತೈದರ ಜನವರಿ ಕೊನೆಯಲ್ಲಿ ನದಿ ಏರಿಯ ತಲೆಯ ತನಕ ಬಂದಿತ್ತು. ಸೈನ್ಯದ ಲಾರಿಗಳು ಬಂದವು; ಹಸು, ಹಂದಿ, ಮನುಷ್ಯರು ಎಲ್ಲರೂ ಊರು ಬಿಟ್ಟರು. ಆಗಷ್ಟೇ ಮದುವೆಯಾಗಿದ್ದ ವಿಲ್ಮಿನ್ ಚಿಕ್ಕಪ್ಪನ ಟ್ರ್ಯಾಕ್ಟರಿನ ಮೇಲೆ ಕೂದಲು ಒಣಗಿಸುವ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಹೋದಳು. ಬೇರೆಲ್ಲ ಬಿಟ್ಟು ಅದನ್ನೇ ಯಾಕೆ ಎತ್ತಿಕೊಂಡೆ ಎಂಬುದು ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ. ಗ್ರಾಡ್ ಒಬ್ಬ ಮಾತ್ರ ಹೋಗಲಿಲ್ಲ. ಅಟ್ಟದಲ್ಲಿ ಅಡಗಿ ಉಳಿದ. ಏರಿ ಒಡೆಯಲಿಲ್ಲ. ವಾರ ಕಳೆದು ಜನ ವಾಪಸು ಬಂದಾಗ ಅವನು ಏರಿಯ ಮೇಲೆ ಕುರ್ಚಿ ಹಾಕಿಕೊಂಡು ಚುಟ್ಟಾ ಸೇದುತ್ತಿದ್ದ. "ಏನ್ರಪ್ಪಾ, ರಜಾ ಮುಗೀತಾ?" ಎಂದ. ಆ ಒಂದು ಮಾತು ಊರಿನಲ್ಲಿ ಇನ್ನೂ ಸತ್ತಿಲ್ಲ. ಪ್ರವಾಸದಿಂದ ಬಂದವರನ್ನು, ಆಸ್ಪತ್ರೆಯಿಂದ ಬಂದವರನ್ನು, ಒಮ್ಮೆ ಜೈಲಿನಿಂದ ಬಂದವನೊಬ್ಬನನ್ನೂ ಜನ ಅದೇ ಮಾತಿನಿಂದ ಎದುರುಗೊಂಡಿದ್ದಾರೆ.

ಎರಡು ವರ್ಷದ ಹಿಂದೆ ಊರ ಸಮಿತಿ, ನೆರೆ ಬಂದರೆ ಊರು ಬಿಡುವ ತೆರವು ಅಭ್ಯಾಸ ಮಾಡೋಣ ಎಂದು ಹೊರಟಿತು. ಮೊದಲ ಅಭ್ಯಾಸವನ್ನು ಇಟ್ಟುಕೊಂಡದ್ದು ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ. ಹೇಗಿದ್ದರೂ ಪ್ರತಿ ತಿಂಗಳೂ ಆ ಹೊತ್ತಿಗೆ ದೇಶದಲ್ಲೆಲ್ಲ ಸೈರನ್ ಪರೀಕ್ಷೆ ನಡೆಯುತ್ತದೆ, ನಮಗೆ ಬೇರೆ ಖರ್ಚು ಯಾಕೆ ಎಂದು ಯಾರೋ ಸೂಚಿಸಿದ್ದರು. ಯಾರು ಎಂಬುದನ್ನು ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಸೈರನ್ ಕೂಗಿತು. ಮೊದಲ ಸೋಮವಾರದ ಸೈರನ್‌ಗೆ ಜನ ಜನ್ಮವಿಡೀ ಏನು ಮಾಡುತ್ತ ಬಂದಿದ್ದರೋ ಅದನ್ನೇ ಮಾಡಿದರು: ಗೋಡೆಯ ಗಡಿಯಾರ ನೋಡಿ, ಸಮಯ ಸರಿಯಿದೆ ಎಂದುಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರಿದರು. ಏರಿಯ ಮೇಲೆ ಸಮಿತಿಯವರು, ಒಂದು ಬಸ್ಸು ಮತ್ತು ಅದರ ಚಾಲಕ ಒಂದು ತಾಸು ಗಾಳಿಗೆ ನಿಂತಿದ್ದು ಕೆಳಗಿಳಿದರು.

ನದಿ, ಏರಿಗಳನ್ನು ನೋಡಿಕೊಳ್ಳುವ ನೀರು ಮಂಡಳಿಯಲ್ಲಿ ಜನರೊಡನೆ ಮಾತಾಡುವ ಕೆಲಸದಲ್ಲಿರುವ ಫ್ಲೂರ್ ಎಂಬಾಕೆ ಮಾರನೆಯ ವಾರ ಊರಿಗೆ ಬಂದು ಒಂದೇ ಪ್ರಶ್ನೆ ಕೇಳಿದಳು: ಈ ಊರಿನಲ್ಲಿ ಎಲ್ಲ ಮನೆಗಳ ಒಳಗೂ ಹೋಗುವವರು ಯಾರು? ಅಂಚೆಯವನು ಬಾಗಿಲಲ್ಲೇ ನಿಲ್ಲುತ್ತಾನೆ. ಪಾದ್ರಿ ಬೇರೆ ಊರಿನಿಂದ ಬಂದು ಪೂಜೆ ಮುಗಿಸಿ ಹೋಗುತ್ತಾನೆ. ಉಳಿದವಳು ವಿಲ್ಮಿನ್. ಮೂವತ್ತು ವರ್ಷದಿಂದ ಕತ್ತರಿಯ ಚೀಲ ಹಿಡಿದು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಅಜ್ಜಿಯರ ಕೂದಲು ಸುರುಳಿ ಮಾಡಿದವಳು, ಅಜ್ಜಂದಿರ ಹುಬ್ಬು ಕತ್ತರಿಸಿದವಳು. ಹಾಗೆ ಅವಳು ಕೆಳಬೀದಿಯ ತೆರವಿಗೆ ಮುಖ್ಯಸ್ಥೆಯಾದಳು. ಸಂಬಳವಿಲ್ಲ, ಒಂದು ಹಳದಿ ಅಂಗಿ ಉಂಟು.

ಮೊದಮೊದಲು ಅವಳು ಉತ್ಸಾಹದಲ್ಲಿ ತಪ್ಪು ಮಾಡಿದಳು. ತಲೆಗೆ ಸುರುಳಿ ಕಟ್ಟಿಸಿಕೊಂಡು ಕುಳಿತವರು ಎದ್ದು ಹೋಗಲಾರರಷ್ಟೆ. ಅಂಥವರ ಮುಂದೆ ಮೊಬೈಲು ಹಿಡಿದು ಯಾವುದೋ ಕಣಿವೆಯಲ್ಲಿ ಮುಳುಗಿದ ಮನೆಗಳ ಚಿತ್ರ ತೋರಿಸಿದಳು. ಮೂವರು ಗಿರಾಕಿಗಳು ಪೇಟೆಯ ಅಂಗಡಿಗೆ ಹೋಗತೊಡಗಿದರು. "ಕೂದಲು ಕಟ್ ಮಾಡಿಸ್ಕೊಳ್ಳೋಕೆ ಕೂತ್ರೆ ಕೈಗೆ ಸಾವು ಕೊಟ್ಟು ಹೋಗ್ತಾಳೆ," ಎಂದು ಒಬ್ಬಾಕೆ ಹೇಳಿದ್ದು ತಿರುಗಿ ಅವಳ ಕಿವಿಗೇ ಬಂತು. ಇತ್ತ ಫ್ಲೂರ್ ಅಚ್ಚು ಹಾಕಿಸಿದ ಚೆಂದದ ಕರಪತ್ರಗಳು ನೇರವಾಗಿ ರದ್ದಿ ಡಬ್ಬಕ್ಕೆ ಹೋದವು.

ದಾರಿ ತೋರಿಸಿದವಳು ರೀಟ್. "ಕಕ್ಕಸಲ್ಲಿ ತೂಗುಹಾಕು," ಎಂದಳು. "ಎಲ್ಲರ ಮನೇಲೂ ಅಲ್ಲೇ ತೂಗೋ ಹುಟ್ಟುಹಬ್ಬದ ಕ್ಯಾಲೆಂಡರ್ ಜೊತೆ. ಊರಲ್ಲಿ ಎಲ್ಲರೂ ದಿನಾ ಓದೋದು ಅದೊಂದನ್ನೇ."

ಫ್ಲೂರ್ ನಗಲಿಲ್ಲ. ಹುಟ್ಟುಹಬ್ಬ ಬರೆದುಕೊಳ್ಳುವ ಕ್ಯಾಲೆಂಡರನ್ನೇ ಅಚ್ಚು ಹಾಕಿಸಿದಳು. ಪ್ರತಿ ತಿಂಗಳ ಹಾಳೆಯ ಕೆಳಗೆ ಒಂದೊಂದು ಸಾಲು: ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ಗಂಟೆ ಕೇಳಿದರೆ ಹೊರಡಬೇಕು, ಗ್ಯಾಸ್ ಹೇಗೆ ಆರಿಸಬೇಕು. ಆರು ತಿಂಗಳಲ್ಲಿ ಕೆಳಬೀದಿಗೆ ಎಲ್ಲವೂ ಬಾಯಿಪಾಠವಾಯಿತು. ಆದರೂ ಎರಡನೆಯ ಅಭ್ಯಾಸದ ದಿನ ಜನ ಚೀಲ ಹಿಡಿದು ಬಾಗಿಲಿಗೆ ಬಂದರು, ಬೀದಿಯ ಕೊನೆಗೆ ಕಣ್ಣು ಹಾಯಿಸಿದರು, ಗ್ರಾಡ್ ತನ್ನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತದ್ದು ಕಂಡಿತು, ಚೀಲ ಒಳಗಿಟ್ಟರು. ಎಲ್ಲಿಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೋಗಲು ಯಾರೂ ಮೊದಲಿಗರಾಗಲಿಲ್ಲ.

ಮೂರನೆಯ ಅಭ್ಯಾಸ ನವೆಂಬರಿನ ಎರಡನೆಯ ಶನಿವಾರ ಎಂದು ನಿಗದಿಯಾಯಿತು. ಗ್ರಾಡ್‌ನ ಕ್ಷೌರದಲ್ಲಿ ಆ ಮಂಗಳವಾರ ಅವಳಿಗೆ ಸಿಕ್ಕ ಉತ್ತರವೆಂದರೆ ಒಂದು ತಮಾಷೆ, ಒಂದು ಕಪ್ ಕಾಫಿ.

ಅದೇ ವಾರದ ಭಾನುವಾರ ರೀಟ್‌ಗೆ ಎಂಬತ್ತೊಂದು ತುಂಬಿತು. ಮಧ್ಯಾಹ್ನ ಮನೆಯ ಕುರ್ಚಿಗಳನ್ನೆಲ್ಲ, ನೆರೆಮನೆಯ ಕುರ್ಚಿಗಳನ್ನೂ ಸೇರಿಸಿ, ಗೋಡೆಯುದ್ದಕ್ಕೆ ಸುತ್ತ ಹಾಕಿದ್ದರು. ಬಂದವರೆಲ್ಲ ಒಂದು ಸುತ್ತು ಹೋಗಿ ಹುಟ್ಟುಹಬ್ಬದವಳಿಗೆ, ಅವಳ ಮಗಳಿಗೆ, ಅಳಿಯನಿಗೆ, ನೆರೆಯವರಿಗೆ, ಎಲ್ಲರ ಕೈ ಕುಲುಕಿ ಅಭಿನಂದನೆ ಹೇಳಿ, ಸಿಕ್ಕ ಕುರ್ಚಿಯಲ್ಲಿ ಕುಳಿತರು. ಒಮ್ಮೆ ಕುಳಿತ ಮೇಲೆ ಎರಡನೆಯ ಕಾಫಿಯ ತನಕ ಯಾರೂ ಏಳುವ ಹಾಗಿಲ್ಲ.

"ಇವತ್ತು ನೀರಿನ ಮಾತು ಎತ್ತಬೇಡ," ಎಂದು ವಿಲ್ಮಿನಳ ಗಂಡ, ಹಾರಿ ಎಂಬಾತ, ಅಡುಗೆಮನೆಯಲ್ಲಿ ಮೊದಲೇ ಎಚ್ಚರಿಸಿದ್ದ. ಹಾರಿ ಇಟ್ಟಿಗೆ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವನು, ಮಾತು ಕಡಿಮೆ. "ಇರೋ ನಾಲ್ಕು ಗಿರಾಕಿನೂ ಹೋಗ್ತಾರೆ."

"ನಾನು ಏನೂ ಹೇಳಲ್ಲ," ಎಂದಳು ವಿಲ್ಮಿನ್. "ಕೇಳ್ತೀನಿ ಅಷ್ಟೆ."

ಚೆರಿ ಹಣ್ಣಿನ ಹೂರಣದ ಸಿಹಿರೊಟ್ಟಿಯ ತುಂಡುಗಳು ಕೈಕೈಗೆ ಬಂದು ಮಾತು ಸ್ವಲ್ಪ ತಣ್ಣಗಾದಾಗ ಅವಳು ಕೇಳಿದಳು. ಒಂದೇ ಚೀಲ, ಅರ್ಧ ಗಂಟೆ ಟೈಮು. ಯಾರ್‍ಯಾರು ಏನೇನು ತಗೊಳ್ತೀರಿ? ಹೊಸ ಆಟ ಎಂದುಕೊಂಡು ಜನ ಖುಷಿಯಾದರು. ಮದುವೆಯ ಫೋಟೊ ಎಂದಳು ಒಬ್ಬಾಕೆ. ಯಾವ ಮದುವೆಯದು ಎಂದು ಅವಳ ತಂಗಿ ಕೇಳಿದಳು. ಎದುರುಮನೆಯ ತೋನ್, ಲಾಟರಿಯಲ್ಲಿ ಗೆದ್ದ ಹಂದಿತೊಡೆ ಎಂದ. ರೀಟ್ ತನ್ನ ಹಲ್ಲಿನ ಸೆಟ್ಟು ಎಂದಳು.

"ಮೊದ್ಲು ಅವನ ಹಂದಿತೊಡೆ ತಗೋ ಅಮ್ಮ, ಆಮೇಲೆ ತಾನೇ ಹಲ್ಲು," ಎಂದ ಹಾರಿ. ಹಾರಿಯಿಂದ ಅಷ್ಟು ಮಾತು ಬಂದದ್ದೇ ದೊಡ್ಡದು ಎಂದು ಎಲ್ಲ ನಕ್ಕರು.

ಸುತ್ತು ಗ್ರಾಡ್‌ನ ಬಳಿ ಬಂತು. "ಹೋಗೋರು ಚೀಲ ತುಂಬ್ಕೊಳ್ಳಿ," ಎಂದ ಅವನು. "ನಾನು ಹೋಗಲ್ವಲ್ಲ."

"ಮಾವ ಪಾರಿವಾಳದ ಗೂಡಿನ ಬಾಗಿಲು ತೆಗೆದುಬಿಟ್ಟರೆ ಆಯ್ತು," ಎಂದ ತೋನ್. "ಅವು ಹಾರಿಹೋಗ್ತಾವೆ, ಇವರು ನಡ್ಕೊಂಡು ಹೋಗ್ತಾರೆ."

ಗ್ರಾಡ್ ತಟ್ಟೆಯನ್ನು ಮಂಡಿಯ ಮೇಲಿಂದ ತೆಗೆದು ಕಿಟಕಿಯ ಕಟ್ಟೆಗಿಟ್ಟ. "ಹಾರ್‍ತಾವೆ. ಆಮೇಲೆ?" ಎಂದ. "ಹಾರಿ ಎಲ್ಲಿಗೆ ಹೋಗ್ತಾವೆ ಹೇಳು. ಐನೂರು ಮೈಲಿ ಆಚೆ ಬಿಟ್ರೂ ಅವು ಇಲ್ಲಿಗೇ ಬರೋದು. ಅದನ್ನೇ ಕಲಿಸಿರೋದು ನಾನು. ಗೂಡು ನೀರಲ್ಲಿದ್ರೆ ಮೇಲೆ ಸುತ್ತು ಹೊಡೀತಾವೆ. ಹೊಡೀತಾ ಹೊಡೀತಾ ರೆಕ್ಕೆ ಸೋತು ಬೀಳ್ತಾವೆ. ತೊಂಬತ್ತೈದರಲ್ಲಿ ಒಬ್ಬ ಸಿಪಾಯಿನೂ ಹಿಂಗೇ ಅಂದ. ಹಸುಗೆ ಲಾರಿ ಇದೆ, ಹಂದಿಗೆ ಲಾರಿ ಇದೆ, ನನ್ನ ಹಕ್ಕಿಗೆ ಅಂತ ಕೇಳಿದ್ರೆ, ಅವಕ್ಕೆ ರೆಕ್ಕೆ ಇದೆಯಲ್ಲ ತಾತ ಅಂದ. ನಂಗಾಗ ಐವತ್ತೈದು. ತಾತ ಅಂತೆ."

ತೋನ್ ತನ್ನ ಕಪ್ಪಿನ ತಳ ನೋಡುತ್ತ ಕುಳಿತ.

"ಅದಕ್ಕಾ ನೀನು ಉಳ್ಕೊಂಡಿದ್ದು?" ಎಂದಳು ರೀಟ್. "ಹಕ್ಕಿಗೋಸ್ಕರ? ಇಷ್ಟು ವರ್ಷ ಬಾಯಿ ಬಿಡ್ಲಿಲ್ಲವಲ್ಲೋ ಪೆದ್ದ."

"ಯಾರು ಕೇಳಿದ್ರು? ನೀವೆಲ್ಲ ಗ್ರಾಡ್ ಏರಿ ಕಾದ, ಗ್ರಾಡ್ ಏರಿ ಕಾದ ಅಂತಿದ್ರಿ. ಒಳ್ಳೆ ಹೆಸರು. ತಾನಾಗಿ ಬಂದಿದ್ದನ್ನ ಬೇಡ ಅನ್ನೋಕೆ ನಂಗೇನು ಹುಚ್ಚಾ?"

ಇಪ್ಪತ್ತು ವರ್ಷದಿಂದ ಆರು ವಾರಕ್ಕೊಮ್ಮೆ ಆ ತಲೆಯನ್ನು ಕೈಯಲ್ಲಿ ಹಿಡಿದವಳು ವಿಲ್ಮಿನ್. ಅವನಿಗೆ ಏರಿಯ ಎತ್ತರ ಹೇಳಿದ್ದಳು, ನದಿಯ ವೇಗ ಹೇಳಿದ್ದಳು, ಹಟ ಬೇಡ ಎಂದು ಹೇಳಿದ್ದಳು. ಈಗ ಅವಳು ಎದ್ದು ಎರಡನೆಯ ಕಾಫಿ ತಂದಳು.

ಸೋಮವಾರ ಫ್ಲೂರ್‌ಗೆ ಫೋನು ಮಾಡಿ ಪಾರಿವಾಳಗಳ ವಿಷಯ ಹೇಳಿದಳು. "ನಮ್ಮ ಯೋಜನೆಯಲ್ಲಿ ಕುದುರೆ ಇದೆ, ಮೊಲ ಇದೆ, ಜೇನು ಕೂಡ ಇದೆ," ಎಂದಳು ಫ್ಲೂರ್. "ಪಾರಿವಾಳ ಇಲ್ಲ. ಎಷ್ಟು ಹಕ್ಕಿ?" ಅರವತ್ತು ಎಂದಳು ವಿಲ್ಮಿನ್. ಬುಧವಾರದೊಳಗೆ ಫ್ಲೂರ್ ಗುಡ್ಡದ ಮೇಲಿನ ಊರಿನಲ್ಲಿ, ಕೆಳಬೀದಿಯವರನ್ನು ಇಳಿಸಿಕೊಳ್ಳಲು ಒಪ್ಪಿದ್ದ ಊರಿನಲ್ಲೇ, ಟೀಸ್ ಎಂಬ ಪಾರಿವಾಳದವನನ್ನು ಹುಡುಕಿದಳು. ಅವನ ಗೂಡಿನ ಒಂದು ಭಾಗ ಖಾಲಿಯಿತ್ತು. ಬಾಗಿಲು ಮುಚ್ಚಿಟ್ಟು ನೀರು ಇಳಿಯುವ ತನಕ ನೋಡಿಕೊಳ್ಳುತ್ತೇನೆ ಎಂದ.

ವಿಲ್ಮಿನ್ ಗ್ರಾಡ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಗೂಡು ತೋರಿಸಲು ಹೋದಳು. ಹೆಣ್ಣು ನೋಡಲು ಹೋದವನ ಹಾಗೆ ಅವನು ಎಲ್ಲದಕ್ಕೂ ಮೂಗು ಮುರಿದ. ಹಲಗೆ ಮುಟ್ಟಿದ, ಕಾಳು ಮೂಸಿದ, ನೀರಿನ ಬಟ್ಟಲಿಗೆ ಬೆರಳು ಅದ್ದಿದ.

"ಗಾಳಿ ಸರಿ ಆಡಲ್ಲ ಇಲ್ಲಿ," ಎಂದ.

"ಹೌದು," ಎಂದ ಟೀಸ್. "ನಿಮ್ಮೂರಿನ ಹಾಗೆ ನೀರೂ ಆಡಲ್ಲ."

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಗ್ರಾಡ್, "ಅವನ ಹಕ್ಕಿಗಳ ಕೊಬ್ಬಿದ ಮೈ ನೋಡಿದ್ಯಾ? ರೇಸಿಗೆ ಬಿಡ್ತಾನೋ ಸಾರಿಗೆ ಹಾಕ್ತಾನೋ," ಎಂದ. ಇನ್ನೂ ಸ್ವಲ್ಪ ದೂರ ಬಂದ ಮೇಲೆ, "ಮನುಷ್ಯ ಪರವಾಗಿಲ್ಲ. ನಿಜವಾಗ್ಲೂ ನೀರು ಬಂದ್ರೆ ತಂದಿಡ್ತೀನಿ. ಅಭ್ಯಾಸ ಗಿಭ್ಯಾಸಕ್ಕೆಲ್ಲ ನಾನು ಬರಲ್ಲ."

"ಯಾಕೆ ಮಾವ?"

"ಬೀದಿಯೆಲ್ಲ ನೋಡ್ತಿರುತ್ತೆ."

ಅವರು ನೋಡಲಿ ಎಂದೇ ತಾನು ಇಷ್ಟೆಲ್ಲ ಓಡಾಡಿದ್ದು ಎಂಬ ಮಾತು ವಿಲ್ಮಿನಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ನೀರು ಬಂದ ದಿನ ಅವನು ಹೊರಟಾನು, ಸರಿ. ಆದರೆ ಅವನು ಹೊರಡುವುದನ್ನು ಒಮ್ಮೆಯೂ ಕಾಣದ ಬೀದಿ, ರೀಟ್ ಸಮೇತ, ಅವನು ಹೊರಡುವುದಿಲ್ಲ ಎಂದೇ ನಂಬಿ ಕುಳಿತಿರುತ್ತದೆ. ಅವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷ ಹೊತ್ತ ಹೆಸರನ್ನು ಜನರ ಕಣ್ಣೆದುರೇ ಇಳಿಸುವುದು ಎಂಬತ್ತನಾಲ್ಕರಲ್ಲಿ ಹಗುರದ ಕೆಲಸವಲ್ಲ. ಅವಳು ಮತ್ತೆ ಕೇಳಲಿಲ್ಲ. ಅಭ್ಯಾಸದ ತನಕ ಅವನ ಬಾಗಿಲಿಗೂ ಹೋಗಲಿಲ್ಲ.

ಆ ಶನಿವಾರ ಮಂಜಿರಲಿಲ್ಲ. ಒಂಬತ್ತಕ್ಕೆ ಸೈರನ್ ಬದಲು ಚರ್ಚಿನ ಗಂಟೆ ಹೊಡೆಯಿತು. ಏರಿಯ ಮೇಲೆ ಬಸ್ಸು ನಿಂತಿತ್ತು, ಅದರ ಹಿಂದೆ ಫ್ಲೂರ್ ಯಾರನ್ನೋ ಕಾಡಿ ತರಿಸಿದ ಮುಚ್ಚಿದ ಟ್ರೇಲರ್ ಇತ್ತು. ವಿಲ್ಮಿನ್ ಹಳದಿ ಅಂಗಿ ತೊಟ್ಟು ಕೆಳಗೆ ನೋಡುತ್ತಿದ್ದಳು. ಕೆಳಬೀದಿಯ ಹೆಚ್ಚುಕಡಿಮೆ ಪ್ರತಿ ಕಿಟಕಿಯಲ್ಲೂ ಪರದೆ ಒಂದು ಗೇಣು ಸರಿದಿತ್ತು. ಪ್ರತಿ ಪರದೆಯ ಹಿಂದೆ ಒಬ್ಬರು, ಕೈಯಲ್ಲಿ ಕಾಫಿ ಕಪ್ಪು, ಮುಖ ಬೀದಿಯ ಕೊನೆಗೆ.

ಗಂಟೆ ನಿಂತಿತು. ಗ್ರಾಡ್‌ನ ಬಾಗಿಲು ಮುಚ್ಚಿಯೇ ಇತ್ತು.

"ನಾನು ಹೋಗಿ ಕರೀಲಾ?" ಎಂದಳು ಫ್ಲೂರ್.

"ಬೇಡ."

"ಸುಮ್ನೆ ಒಂದು ಸಲ ಬಾಗಿಲು ತಟ್ಟಿ..."

"ತಟ್ಟಿದ್ರೆ ನಮ್ಮ ಮಾತಿಗೆ ಬಂದ ಹಾಗಾಗುತ್ತೆ. ಅವನು ತಾನೇ ಬರಬೇಕು."

ಹಾರಿ ಬಸ್ಸಿನ ಚಾಲಕನಿಗೆ ಇಂಜಿನ್ ಆರಿಸಲು ಸನ್ನೆ ಮಾಡಿದ. ನದಿಯಲ್ಲಿ ಒಂದು ಹಡಗು ಹೋಯಿತು. ವಿಲ್ಮಿನ್ ಗಡಿಯಾರ ನೋಡಲಿಲ್ಲ.

ಬಾಗಿಲು ತೆರೆಯಲಿಲ್ಲ. ತೆರೆದದ್ದು ಹಿತ್ತಲಿನ ಗೇಟು. ಗ್ರಾಡ್ ಹಿಮ್ಮುಖವಾಗಿ ನಡೆಯುತ್ತ ಕೈಗಾಡಿ ಎಳೆದುಕೊಂಡು ಬಂದ. ಗಾಡಿಯ ತುಂಬ ಪಾರಿವಾಳಗಳ ಬೆತ್ತದ ಬುಟ್ಟಿಗಳು, ಮೇಲೆ ಹಳೆಯ ಕಂಬಳಿ. ಸಾವಿನ ಮನೆಗೆ ಹಾಕುವ ಕಪ್ಪು ಕೋಟು ತೊಟ್ಟಿದ್ದ. ಬೀದಿಯ ನಡುವೆ ಗಾಡಿ ನಿಲ್ಲಿಸಿ ಎಡಬಲದ ಕಿಟಕಿಗಳನ್ನು ಒಂದೊಂದಾಗಿ ನೋಡಿದ.

"ಏನು, ಸಿನಿಮಾನಾ ಇದು?" ಎಂದ, ಬೀದಿಗೆಲ್ಲ ಕೇಳುವಂತೆ. ಪಕ್ಕದ ಮನೆಯ ಕಡೆ ತಿರುಗಿ, "ರೀಟ್, ಕೋಟ್ ಹಾಕ್ಕೊಂಡು ಬಾ. ದಿಬ್ಬ ಹತ್ತೋವಾಗ ಹಿಂದಿನಿಂದ ತಳ್ಳೋಕೆ ಒಬ್ರು ಬೇಕು."

ರೀಟ್ ಎಂಟು ಗಂಟೆಯಿಂದಲೇ ಕೋಟು ತೊಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು, ಬಾಗಿಲ ಹಿಂದಿನ ಸ್ಟೂಲಿನ ಮೇಲೆ ಕುಳಿತಿದ್ದಳು ಎಂಬುದು ಆಮೇಲೆ ತಿಳಿಯಿತು. ಅವಳ ಬಾಗಿಲು ತೆರೆಯಿತು. ತೋನ್‌ನ ಬಾಗಿಲು ತೆರೆಯಿತು; ಹಂದಿತೊಡೆ ನಿಜವಾಗಿಯೂ ಅವನ ಹೆಗಲ ಮೇಲಿತ್ತು. ಆಮೇಲೆ ಯಾವ ಬಾಗಿಲು ಮೊದಲು, ಯಾವುದು ಆಮೇಲೆ ಎಂದು ಹೇಳಲಾಗದಂತೆ ಬೀದಿ ತುಂಬಿತು. ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಗಾಡಿ ತಳ್ಳಲು ಏಳೆಂಟು ಕೈಗಳಿದ್ದವು. ಗ್ರಾಡ್ ಮುಂದೆ ನಿಂತು, ಮೆಲ್ಲಗೆ, ಅಲ್ಲಾಡಿಸಬೇಡಿ, ನೀವೇನು ಆಲೂಗಡ್ಡೆ ಸಾಗಿಸ್ತಿದ್ದೀರಾ ಎಂದು ಬೈಯುತ್ತಿದ್ದ.

ಏರಿಯ ಮೇಲೆ ಬಂದವನು ಏದುಸಿರು ಬಿಡುತ್ತ ವಿಲ್ಮಿನಳ ಮುಂದೆ ನಿಂತ. "ಒಂದು ಗಂಡು ಹಕ್ಕಿ ಕೈಗೆ ಸಿಗಲಿಲ್ಲ ಕಣೇ ಹುಡುಗಿ. ಅದಕ್ಕೇ ತಡ ಆಯ್ತು," ಎಂದ.

"ಪರವಾಗಿಲ್ಲ ಮಾವ," ಎಂದಳು ಅವಳು. ಟ್ರೇಲರಿನ ಬಾಗಿಲು ತೆರೆದು ಮೊದಲ ಬುಟ್ಟಿಗೆ ಕೈ ಹಾಕಿದಳು.

ಇಪ್ಪತ್ತಮೂರು ಮನೆಗಳಲ್ಲಿ ಹತ್ತೊಂಬತ್ತು ಮನೆಯವರು ಬಂದರು. ಎರಡು ಮನೆಯವರು ಮಕ್ಕಳ ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದರು, ಒಂದು ಮನೆಯವರು ಮಲಗಿದ್ದರು, ಇನ್ನೊಬ್ಬ ಬರಲಿಲ್ಲ, ಕಾರಣ ಹೇಳಲಿಲ್ಲ. ಗುಡ್ಡದ ಊರಿನ ಶಾಲೆಯಲ್ಲಿ ಬಟಾಣಿಯ ಗಟ್ಟಿ ಸೂಪು, ಕಪ್ಪು ಬ್ರೆಡ್ಡು ಇತ್ತು. ಆಟದ ಕೋಣೆಯ ಪುಟ್ಟ ಕುರ್ಚಿಗಳ ಮೇಲೆ ಮಂಡಿ ಎದೆಗೆ ತಾಗುವಂತೆ ಕುಳಿತು ಕೆಳಬೀದಿ ಊಟ ಮಾಡಿತು. ಗ್ರಾಡ್ ಮತ್ತು ಟೀಸ್ ಹಕ್ಕಿಗಳನ್ನು ಗೂಡಿಗೆ ಬಿಟ್ಟು ಬಂದು, ಜೋಳ ಎಷ್ಟು, ಬಾರ್ಲಿ ಎಷ್ಟು ಎಂದು ಸೂಪು ಆರುವ ತನಕ ಜಗಳವಾಡಿದರು. ಗಿಡುಗ ಬೇಟೆಯಾಡುವ ಕಾಲ ಎಂದು ಗ್ರಾಡ್ ಎಲ್ಲವನ್ನೂ ಬಯಲಿಗೆ ಬಿಡಲು ಒಪ್ಪಲಿಲ್ಲ. ಗಟ್ಟಿ ರೆಕ್ಕೆಯ ನಾಲ್ಕನ್ನು ಮಾತ್ರ ಮಧ್ಯಾಹ್ನ ಶಾಲೆಯ ಅಂಗಳದಿಂದ ಹಾರಿಬಿಟ್ಟ. ಬಸ್ಸಿಗಿಂತ ಮೊದಲೇ ಅವು ಮನೆ ಸೇರಿದವು ಎಂಬುದಕ್ಕೆ ಸಾಕ್ಷಿ ಹೇಳಿದವನು ಬೀದಿಯಲ್ಲೇ ಉಳಿದಿದ್ದ ಆ ಒಬ್ಬನೇ. ಹೇಳಿದ ಮೇಲೆ, ಹಾಗಾದರೆ ನೀನೆಲ್ಲಿದ್ದೆ ಎಂದು ಎಲ್ಲರೂ ಅವನನ್ನು ಹಿಡಿದುಕೊಂಡರು.

ಮುಂದಿನ ವಾರ ವಿಲ್ಮಿನ್ ಬೀದಿಯ ಆ ತುದಿಯ ಒಂಬತ್ತು ಮನೆಗಳನ್ನು ನೋಡಿಕೊಳ್ಳುತ್ತೀಯಾ ಎಂದು ಗ್ರಾಡ್‌ನನ್ನು ಕೇಳಿದಳು. "ಕರಪತ್ರ ಹಂಚಲ್ಲ, ಹಳದಿ ಅಂಗಿ ಹಾಕಲ್ಲ," ಎಂದ ಅವನು. "ಯಾರ ಮನೇಲಿ ಏನು ತೊಡಕಿದೆ ಅಂತ ಕೇಳ್ಕೊಂಡು ಬರ್ತೀನಿ. ಅಷ್ಟೆ." ಮೊದಲ ಸಂಜೆಯೇ ಒಂದು ಆಕ್ವೇರಿಯಂ, ಹಾಸಿಗೆ ಹಿಡಿದ ಒಬ್ಬ ಅಣ್ಣ ಮತ್ತು ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಇಬ್ಬರ ಸುದ್ದಿ ತಂದ.

ಫೆಬ್ರವರಿಯಲ್ಲಿ ಅಭ್ಯಾಸಕ್ಕೆ ಚರ್ಚ್ ಬೀದಿಯ ಸರದಿ. ಅಲ್ಲಿ ಮೂವತ್ತಾರು ಮನೆಗಳಿವೆ. ಒಬ್ಬಾಕೆ ಹನ್ನೊಂದು ಕತ್ತೆ ಸಾಕಿದ್ದಾಳೆ.